ಕಾಲಿಗೆ ತಾಗಿದ ಬಳಚು

ಹೊಳೆಯ ಕೆಸರಿನ ವಾಸನೆ ಬಂದರೆ ನನಗೆ ಚಿಕ್ಕಂದಿನಲ್ಲಿ ತಪ್ಪಿಹೋದ ಬಸ್ಸು ನೆನಪಾಗುತ್ತದೆ. ಮುರ್ಡೇಶ್ವರ ತೋರಿಸುತ್ತೇನೆಂದು ಅಪ್ಪ ಆಯಿಯನ್ನೂ ಮಕ್ಕಳಾದ ನಮ್ಮನ್ನೂ ಹಿರೇಗುತ್ತಿಯಿಂದ ಹೊರಡಿಸಿದ್ದ. ಅವನು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತು. ನಾನು ಜೋರಾಗಿ ಅತ್ತೆ.

“ಅಳೂದೆಂತಕೆ? ಹೊಳೆ ಇಳಿತ ಅದೆ, ಬಾ,” ಎಂದು ಆಯಿ ಒಳ್ಳೆಯ ಸೀರೆಯನ್ನೇ ಮೊಣಕಾಲಿನವರೆಗೆ ಎತ್ತಿ ಕಟ್ಟಿ ನೀರಿಗಿಳಿದಳು. ಕೆಸರಿನಲ್ಲಿ ಕಾಲ್ಬೆರಳಿಗೆ ಗಟ್ಟಿಯಾಗಿ ತಾಗಿದರೆ ಅದು ಬಳಚು, ಸಾರಿಗೆ ಹಾಕುವ ಚಿಪ್ಪುಮೀನು. ಹುಡುಕುತ್ತಾ ಅಪ್ಪ ಜಾರಿ ಕೂತ. “ನೋಡಾ, ಎಲ್ಲಕ್ಕಿಂತ ದೊಡ್ಡ ಬಳಚು!” ಎಂದು ಆಯಿ ಅವನನ್ನೇ ತೋರಿಸಿದಳು. ನಕ್ಕು ನಕ್ಕು ನನಗೆ ಮುರ್ಡೇಶ್ವರವೇ ಮರೆತುಹೋಯಿತು. ಅಪ್ಪನ ಇಸ್ತ್ರಿ ಅಂಗಿಯಲ್ಲೇ ಬಳಚು ಕಟ್ಟಿಕೊಂಡು ಮನೆಗೆ ಬಂದೆವು.

ಇವತ್ತು ಅಕ್ಕನ ಮಗಳನ್ನು ಬೈಕಿನಲ್ಲಿ ಮುರ್ಡೇಶ್ವರಕ್ಕೆ ಕರೆದೊಯ್ಯುವಾಗ ಹೊಳೆಬದಿಯಲ್ಲಿ ನಿಲ್ಲಿಸಿದೆ. ಅವಳು ಚಪ್ಪಲಿ ಬಿಚ್ಚಿ ಕೆಸರಿಗಿಳಿದಳು. “ಮಾಮಾ, ಕಾಲಿಗೆ ಎಂತೋ ತಾಗ್ತು!”

“ಗಲೀಜು ಅದು. ಹೊತ್ತಾತು, ಬೈಕ್ ಹತ್ತು,” ಎಂದು ರಟ್ಟೆ ಹಿಡಿದು ಎಳೆದೆ. ಶಾಲೆಯ ಬೆಂಚಿನ ಮೇಲೆ ಕೂರಲಾರದೆ ಓದು ಬಿಟ್ಟ ನಾನು, ಮಗುವಿಗೆ ಹೊತ್ತಿನ ಪಾಠ ಹೇಳಿದೆ. ದೇವಸ್ಥಾನ, ಐಸ್‌ಕ್ರೀಂ, ಫೋಟೋ ಎಲ್ಲ ಮುಗಿಯಿತು. ಅವಳು ಒಮ್ಮೆಯೂ ನಗಲಿಲ್ಲ.

ವಾಪಸು ಬರುವಾಗ ಅಲ್ಲೇ ಬೈಕು ನಿಲ್ಲಿಸಿದೆ. ಅಷ್ಟರಲ್ಲಿ ಸಮುದ್ರದ ಭರತ ಏರಿ ಹೊಳೆ ತುಂಬಿತ್ತು.

“ಮಾಮಾ, ಆಗ ಕಾಲಿಗೆ ತಾಗಿದ್ದು ಎಂತ?” ಎಂದಳು.

ಅದು ಎಂತ ಎಂದು ನನಗೆ ಆಗಲೇ ಗೊತ್ತಿತ್ತು.