ಅಂಗಳದ ಬಿಸಿಲಲ್ಲಿ ಹೊಳಪಿನ ಪರೀಕ್ಷೆ

ನಮ್ಮ ಭಾಲ್ಕಿ ಮೈಸೂರು ರಾಜ್ಯಕ್ಕೆ ಸೇರಿ ಎಷ್ಟೋ ವರ್ಷವಾಗಿತ್ತು. ನನ್ನ ಓದು, ಕೆಲಸ ಮಾತ್ರ ಹೈದರಾಬಾದಿನಲ್ಲೇ ಉಳಿದಿದ್ದವು. ಅಲ್ಲಿಯ ವೀಕ್ಷಣಾಲಯದಲ್ಲಿ ಆಕಾಶದ ಚಿತ್ರವನ್ನು ಗಾಜಿನ ಫಲಕಗಳ ಮೇಲೆ ತೆಗೆಯುತ್ತಿದ್ದರು. ಹಳೆಯ ಫಲಕ, ಹೊಸ ಫಲಕ ಪಕ್ಕಪಕ್ಕ ಇಟ್ಟು, ಯಾವ ಚುಕ್ಕಿಯ ಹೊಳಪು ಬದಲಾಗಿದೆ ಎಂದು ಹುಡುಕುವುದು ನನ್ನ ಕೆಲಸ. ಕ್ವೇಸಾರ್ ಎಂಬ ಹೆಸರು ಆಗಿನ್ನೂ ಹೊಸದು. ಊಹೆಗೂ ನಿಲುಕದಷ್ಟು ದೂರದ ಆ ವಸ್ತು ನೋಡಲು ಸಾದಾ ನಕ್ಷತ್ರದ ಹಾಗೇ ಇರುತ್ತದೆ. ಆದರೆ ಸುತ್ತಲಿನವು ಇದ್ದಂತೆಯೇ ಇರುವಾಗ ಅದೊಂದು ಮಾತ್ರ ತನಗೆ ತೋಚಿದಂತೆ ಹೆಚ್ಚುಕಡಿಮೆ ಬೆಳಗುತ್ತದೆ. ಅಂಥದೊಂದು ಚುಕ್ಕಿ ನನ್ನ ಕಣ್ಣಿಗೆ ಬಿದ್ದಿತ್ತು. ಖಾತ್ರಿಯಾಗಲು ಚಳಿಗಾಲದ ಫಲಕಕ್ಕಾಗಿ ಕಾಯಬೇಕಿತ್ತು.

ಅಷ್ಟರಲ್ಲಿ ಅವ್ವನ ಬುಲಾವು. ಔರಾದಿನ ವರನ ಕಡೆಯವರು ನನ್ನನ್ನು ನೋಡಲು ಬರುತ್ತಾರಂತೆ, ಒಪ್ಪಿದರೆ ನಾನು ಕೆಲಸ ಬಿಡಬೇಕಂತೆ! ರೈಲು ಹಲಬರ್ಗಾ ದಾಟುವಷ್ಟರಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು. ನಿಲ್ದಾಣಕ್ಕೆ ಬಂದ ಅಪ್ಪನ ಮುಂದೆ ಮನೆ ಮುಟ್ಟುವವರೆಗೂ ಆ ಚುಕ್ಕಿಯ ಕಥೆ ಹೇಳಿದೆ. ಹೂಂ ಅಂದ, ಅಷ್ಟೆ. ಗೋಡೆಗಾದರೂ ಹೇಳಿದ್ದರೆ ಚೆನ್ನಾಗಿತ್ತು.

"ಬ್ಯಾರೆ ರಾಜ್ಯದಾಗ ಒಬ್ಬಾಕಿನೇ ಕುಂತು ಚುಕ್ಕಿ ನೋಡ್ತಾಳಂತ ಮಂದಿ ನಗ್ತಾರ," ಎಂದು ಅವ್ವ ಇಡೀ ದಿನ ಗೊಣಗಿದಳು.

ಮರುದಿನ ಅವರು ಬಂದರು. ವರನ ತಾಯಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ಒಳಗ ಕತ್ತಲಿ ಅದರಿ. ಜರಾ ಅಂಗಳಕ್ಕ ಕರಕೊಂಡು ಬರ್ರಿ," ಎಂದಳು. ಅಂಗಳಕ್ಕೆ ಹೋದೆ. ಸಾಲದ್ದಕ್ಕೆ, ಚಹಾ ತಂದ ನನ್ನ ಚಿಕ್ಕಪ್ಪನ ಮಗಳನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿ, ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡಿದಳು. ವೀಕ್ಷಣಾಲಯದಲ್ಲಿ ನಾವು ಹೊಳಪು ಅಳೆಯುವುದೂ ಹೀಗೆಯೇ, ಪಕ್ಕದ್ದರ ಜೊತೆ ಹೋಲಿಸಿ. ಆದರೆ ಒಂದೇ ಸಲ ನೋಡಿ ತೀರ್ಪು ಕೊಡುವ ಧೈರ್ಯ ಅಲ್ಲಿ ಯಾರಿಗೂ ಇಲ್ಲ. ಈ ಮಹಾತಾಯಿಗೆ ಒಂದೇ ನೋಟ ಸಾಕಾಯಿತು.

"ಬಣ್ಣ ಕಡಿಮಿ ಅದ. ಇರಲಿ, ನೌಕರಿ ಬಿಟ್ಟರ ನಡೀತದ."

ನಡೀತದಂತೆ! ನಾನೇನು ಸಂತೆಗೆ ಬಂದ ಎಮ್ಮೆಯೇ? ಮೈಯೆಲ್ಲ ಉರಿದುಹೋಯಿತು.

"ಕಾಕಿ, ನಮ್ಮ ಗಾಜಿನ ಮ್ಯಾಲ ಎಲ್ಲಾ ಉಲ್ಟಾ ಮೂಡ್ತದರಿ," ಎಂದು ವರನ ತಾಯಿಗೆ ಹೇಳಿದೆ. "ಆಕಾಶ ಬೆಳ್ಳಗ, ಚುಕ್ಕಿ ಕಪ್ಪಗ. ಯಾವುದು ಹೆಚ್ಚು ಹೊಳೀತದ, ಅದೇ ಹೆಚ್ಚು ಕಪ್ಪು. ನೌಕರಿ ನಾ ಬಿಡಂಗಿಲ್ರಿ."

ವರನ ಕಡೆಯವರು ಚಹಾ ಮುಗಿಸದೆಯೇ ಎದ್ದು ಹೋದರು.

"ಯವ್ವಾ, ಈಕಿ ಬಾಯಿಗಿ ಬೀಗಾನೇ ಇಲ್ಲಲ್ಲ!" ಎಂದು ಅವ್ವ ಹಣೆ ಹಣೆ ಬಡಿದುಕೊಂಡಳು. ಅಪ್ಪ ಚಹಾದ ಕಪ್ಪು-ಬಸಿ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ನಾಳಿ ಮುಂಜಾನಿ ರೈಲಿಗಿ ಹೋಗವ್ವ. ಆ ಚುಕ್ಕಿ ನೀ ಬಿಟ್ಟರ ಯಾರು ನೋಡ್ತಾರ?"

ಕೇಳಿಸಿಕೊಂಡಿದ್ದ! ಹೂಂ ಎನ್ನುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅಷ್ಟು ಗೊತ್ತಿದ್ದ ಮನುಷ್ಯ ಒಂದು ದಿನ ಮೊದಲೇ ಬಾಯಿ ಬಿಡಬಾರದಿತ್ತೇ ಎಂದು ಸಿಟ್ಟೂ ಬಂತು, ಅಳುವೂ ಬಂತು.

ಚಳಿಗಾಲದ ಫಲಕ ನೋಡಿದ ಮೇಲೆ ಊರಿಗೆ ಹೋದಾಗ ಅಪ್ಪ ನಿಲ್ದಾಣದಲ್ಲೇ ಕೇಳಿದ.

"ಏನಾತು ಅದು?"

"ಇನ್ನೂ ಕಪ್ಪಾಗ್ಯದ ಅಪ್ಪಾ."

"ಶಾಬಾಸ್!" ಎಂದು ನನ್ನ ಕೈಯಿಂದ ಚೀಲ ತೆಗೆದುಕೊಂಡ.