ಒಂದು ಗೇಣು ಎತ್ತರದ ಮಣೆ

ಬೈಲಹೊಂಗಲದ ಹೊಸ ಬಡಾವಣೆಯಲ್ಲಿ ದಿಗಂಬರ ಸರ್ ಕಟ್ಟಿಸಿದ ಮನೆಯ ಮರಗೆಲಸ ಮುಗಿದು ಎರಡು ವಾರವಾಗಿತ್ತು. ಬಾಗಿಲು, ಕಿಟಕಿ, ಕಪಾಟು, ದೇವರ ಮನೆಯ ಮಂಟಪ ಎಲ್ಲವೂ ಪಾಲಿಶ್ ಕಂಡು ಹೊಳೆಯುತ್ತಿದ್ದವು. ಆದರೂ ದೊಡವಾಡದ ಬಡಗಿ ನೀಲಪ್ಪ ದಿನಾ ಬೆಳಗಿನ ಬಸ್ಸು ಹಿಡಿದು ಬರಲೇಬೇಕಾಗಿತ್ತು. ಉಳಿದ ಸಾಗವಾನಿ ತುಂಡುಗಳು ಅವನನ್ನು ಬಿಡುತ್ತಿರಲಿಲ್ಲ. ಅಂದರೆ, ಸರ್ ಬಿಡುತ್ತಿರಲಿಲ್ಲ.

ಮೊದಲು ಕೀಲಿಕೈ ತೂಗುಹಾಕಲು ವೀಣೆಯಾಕಾರದ ಹಲಗೆಯಾಯಿತು. ಮೊಬೈಲ್ ಒರಗಿಸಲು ಹಂಸವಾಯಿತು. ಆಮೇಲೆ ಟಿವಿ ರಿಮೋಟು ಮಲಗಲು ಪುಟ್ಟ ತೊಟ್ಟಿಲಾಯಿತು. ಹೌದು, ರಿಮೋಟಿಗೆ ತೊಟ್ಟಿಲು, ಅದಕ್ಕೆ ನಾಲ್ಕು ಗಿಳಿ ಬೇರೆ! ಮೂವತ್ತು ವರ್ಷ ಬಾಗಿಲು, ಮಂಚ ಮಾಡಿದ ಕೈ ಅದು. ಗಿಳಿಯ ಕೊಕ್ಕು ತಿದ್ದಿ ಮುಗಿಸಿದ್ದೇ ನೀಲಪ್ಪ ಅದನ್ನು ಬೋರಲು ಹಾಕಿಬಿಡುತ್ತಿದ್ದ. ತಾನೇ ಮಾಡಿದ್ದನ್ನು ತಾನೇ ಎರಡನೇ ಸಲ ನೋಡಲಾರದಷ್ಟು ಹೇಸಿಕೆ ಅವನಿಗೆ ಹಿಂದೆಂದೂ ಬಂದಿರಲಿಲ್ಲ.

"ನೀಲಪ್ಪಾ, ಒಂದು ಗಿಡಾ ಬೆಳೀಲಿಕ್ಕೆ ನಲವತ್ತು ವರ್ಷ ಬೇಕು," ಎನ್ನುತ್ತಿದ್ದರು ಸರ್, ಎರಡೂ ಕೈ ಹಿಂದೆ ಕಟ್ಟಿಕೊಂಡು. "ಅದರ ಒಂದು ತುಂಡೂ ಹಾಳಾಗಬಾರದು. ಇದು ನನ್ನ ತತ್ವ ಅದ."

"ಹೌದ್ರಿ ಸರ," ಎನ್ನುತ್ತಿದ್ದ ನೀಲಪ್ಪ.

ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮನುಷ್ಯ, ಮಾತು ಚೆನ್ನಾಗಿಯೇ ಆಡುತ್ತಿದ್ದರು. ಮುಂಬಾಗಿಲ ಚೌಕಟ್ಟು ನಿಲ್ಲಿಸಿದ ದಿನವೂ ಚೆನ್ನಾಗಿಯೇ ಆಡಿದ್ದರು. ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ನೀಲಪ್ಪನ ಹೆಗಲಿಗೆ ಹೊಸ ಟಾವೆಲ್ ಹಾಕುವಾಗ, "ಕೆಲಸ ಮುಗದ ಮ್ಯಾಲೆ ಉಳಿದ ತುಂಡೆಲ್ಲಾ ನಿನ್ನವಽ ನೋಡು," ಎಂದು ಹತ್ತು ಜನರೆದುರು ಅಂದಿದ್ದರು. ಅವರು ಅನ್ನಬೇಕೆಂದೇನೂ ಇರಲಿಲ್ಲ. ಉಳಿದ ತುಂಡು ಬಡಗಿಗೆ ಸೇರತಕ್ಕದ್ದು ಎಂಬುದು ಈ ಕಡೆ ಯಾರೂ ಬಾಯಿಬಿಟ್ಟು ಹೇಳದೆಯೇ ನಡೆದುಬಂದದ್ದು. ಬೇರೆ ಮನೆಗಳಲ್ಲಿ ಆ ತುಂಡುಗಳನ್ನು ನೀಲಪ್ಪ ಒಲೆಗೆ ಒಯ್ಯುತ್ತಿದ್ದ, ಇಲ್ಲವೆ ಅಲ್ಲೇ ಬಿಟ್ಟುಬರುತ್ತಿದ್ದ. ಈ ಸಲ ಮಾತ್ರ ಅವನಿಗೆ ಅವು ಬೇಕಾಗಿದ್ದವು. ಅವ್ವನಿಗೆ ಒಂದು ಕುರ್ಚಿ ಮಾಡಬೇಕಿತ್ತು.

ಅವ್ವ ತಾಯವ್ವನಿಗೆ ಎಪ್ಪತ್ತು ದಾಟಿತ್ತು. ಊರವರ ದನದ ಕೊಟ್ಟಿಗೆ ಬಳಿದೂ ಬಳಿದೂ ಮೊಣಕಾಲು ಸವೆದಿದ್ದವು. ನೆಲಕ್ಕೆ ಕೂಡಬಾರದೆಂದು ಡಾಕ್ಟರು ಖಡಕ್ಕಾಗಿ ಹೇಳಿದ್ದರು. ನೀಲಪ್ಪ ಒಂದು ಪ್ಲಾಸ್ಟಿಕ್ ಕುರ್ಚಿ ತಂದರೆ, ಅದರ ಹಿಂಗಾಲು ಮಡಚಿ ಮುದುಕಿ ಓಣಿಯವರೆದುರು ಅಂಗಾತ ಬಿದ್ದಳು. ಅಂದಿನಿಂದ ಕುರ್ಚಿ ಎಂದರೆ ಅವಳಿಗೆ ದಿಗಿಲು. ಮತ್ತೆ ನೆಲಕ್ಕೇ ಕೂಡುವಳು; ಏಳಬೇಕಾದರೆ ಗೋಡೆ ಹಿಡಿದು, ಶಿವನೇ ಶಿವನೇ ಎಂದು ನರಳುವಳು. ಊರಿಗೆಲ್ಲ ಕುರ್ಚಿ ಮಾಡುವವನ ಅವ್ವ ನೆಲಕ್ಕೆ ಕೂಡುವುದನ್ನು ನೋಡಿ ನೀಲಪ್ಪನಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಅಲುಗಾಡದ, ಎರಡು ಕೈಗಳಿರುವ, ಎತ್ತರದ ಸಾಗವಾನಿ ಕುರ್ಚಿ ಅವನ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಅಷ್ಟು ಮರ ಕೊಂಡು ತರುವುದು ಅವನ ಕೈಯಲ್ಲಿ ಆಗದ ಮಾತು. ಚೌಕಟ್ಟಿನ ತುಂಡುಗಳಲ್ಲಿ ನಾಲ್ಕು ಕಾಲು, ಎರಡು ತೋಳು, ಬೆನ್ನಿಗೆ ಮೂರು ಪಟ್ಟಿ, ಕೂಡಲು ಹಲಗೆಗಳನ್ನು ಆರಿಸಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಗೋಣಿಚೀಲದಲ್ಲಿ ಸುತ್ತಿ ಮೆಟ್ಟಿಲ ಕೆಳಗೆ ಇಟ್ಟಿದ್ದ. ಸರ್ ಹೊಸ ಹೊಸ ಹುಚ್ಚು ತೆಗೆದಾಗಲೆಲ್ಲ ಬೇರೆ ತುಂಡು ಹುಡುಕಿ ಆ ಗಂಟನ್ನು ಕಾಯುತ್ತಿದ್ದ.

ಆ ಗಂಟಿಗಾಗಿಯೇ ಅವನು ಬಹಳ ನುಂಗಿಕೊಂಡ. ಚಹಾದ ವಿಷಯವನ್ನೇ ನೋಡಿ. ಅವನಿಗೆ ದಿನವೂ ಕಾಗದದ ಕಪ್ಪಿನಲ್ಲಿ ಚಹಾ ಬರುತ್ತಿತ್ತು. ಹೊಸ ಮನೆ, ಪಾತ್ರೆ ಇನ್ನೂ ಬಂದಿಲ್ಲ, ಎಲ್ಲರಿಗೂ ಇದೇ ಇರಬೇಕು ಎಂದುಕೊಂಡಿದ್ದ. ಒಂದು ದಿನ ಗೌಂಡಿ ಬಸಲಿಂಗಪ್ಪ ಬಚ್ಚಲಿನ ಫರಸಿ ಕಲ್ಲು ಸರಿಮಾಡಲು ಬಂದ. ಅವನಿಗೆ ಸ್ಟೀಲ್ ಲೋಟ ಬಂತು. ಅದೇ ತಾಟಿನಲ್ಲಿ, ಅದರ ಪಕ್ಕದಲ್ಲೇ, ನೀಲಪ್ಪನ ಕಾಗದದ ಕಪ್ಪು. ಆವತ್ತಿನ ಚಹಾವನ್ನು ನೀಲಪ್ಪ ಮರದ ಹೊಟ್ಟಿನ ಮೇಲೆ ಚೆಲ್ಲಿಬಿಟ್ಟ. ಅವನಿಗೆ ಕೆಲಸ ಕಲಿಸಿದ ಶಂಕ್ರೆಪ್ಪ ಬಾಯಿ ಹೊಲಸು ಮನುಷ್ಯ, ಉಳಿ ತಪ್ಪಿದರೆ ಅಪ್ಪ ಅಜ್ಜರನ್ನೆಲ್ಲ ಎತ್ತಿ ಬೈಯುತ್ತಿದ್ದ. ಆದರೆ ಊಟಕ್ಕೆ ಪಕ್ಕದಲ್ಲೇ ಕೂಡಿಸಿಕೊಂಡು ತನ್ನ ಬುತ್ತಿಯ ರೊಟ್ಟಿ ಮುರಿದು ಕೊಡುತ್ತಿದ್ದ. ಈ ಮನೆಯ ಯಜಮಾನ ಒಂದು ಕೆಟ್ಟ ಮಾತು ಆಡದೆಯೇ ಹೊಲಸು ಮಾಡುತ್ತಾನಲ್ಲ ಎಂದು ನೀಲಪ್ಪನಿಗೆ ಮೈಯೆಲ್ಲ ಕಸಿವಿಸಿಯಾಯಿತು. ಉಳಿ, ಗರಗಸದ ಹತ್ಯಾರ ಕಟ್ಟಿಕೊಂಡು ಹೋಗಿಬಿಡಬೇಕೆನಿಸಿತು. ಹೋಗಲಿಲ್ಲ. ಮೆಟ್ಟಿಲ ಕೆಳಗೆ ಗಂಟು ಇತ್ತು.

ಹದಿನೈದನೇ ದಿನ ಸರ್ ಆ ಗಂಟನ್ನೂ ಕಂಡುಹಿಡಿದರು.

"ಅಯ್ಯ, ಇಷ್ಟು ಛಲೋ ತುಂಡು ಇಲ್ಲೆ ಅವ! ಇದರಾಗ ಒಂದು ಕುಂಡ್ರೂ ಮಣಿ ಮಾಡು."

"ಸರ, ಅವನ್ನ ನಮ್ಮವ್ವಗ ಕುರ್ಚಿ ಮಾಡಾಕ ಇಟ್ಟೇನ್ರಿ. ಉಳಿದ ತುಂಡು ನನಗ ಅಂದಿದ್ರಿ."

"ಅಂದೀನಿ, ಇಲ್ಲ ಅನ್ನೂದಿಲ್ಲ. ಉಳಿದ್ರ ನಿನ್ನವಽ. ಆದ್ರ ಇನ್ನೂ ಉಳಿದಿಲ್ಲಲಾ?" ಸರ್ ನಕ್ಕರು. ತಮ್ಮ ಮಾತಿಗೆ ತಾವೇ ಮೆಚ್ಚಿಕೊಂಡ ನಗು. "ಹೊಟ್ಟು ಬೇಕಾದಷ್ಟು ಬಿದ್ದದ, ಚೀಲ ತುಂಬಿಕೊಂಡು ಹೋಗು."

"ಮಣಿ ಯಾರಿಗ್ರಿ?"

"ಇರಲಿ, ಮನ್ಯಾಗ ಬೇಕಾಗ್ತದ. ಅಗಲ ಇರಲಿ, ಗಟ್ಟಿ ಇರಲಿ. ಎತ್ತರ ಮಾತ್ರ ಒಂದು ಗೇಣಿನ ಮ್ಯಾಲೆ ಬ್ಯಾಡ."

ಹಾಳಾಗಿ ಹೋಗಲಿ, ಇದೊಂದು ಮಾಡಿಕೊಟ್ಟು ಕೈ ತೊಳೆದುಕೊಳ್ಳೋಣ ಎಂದುಕೊಂಡ ನೀಲಪ್ಪ. ಕುರ್ಚಿಯ ಕಾಲಿಗೆಂದು ಗುರುತು ಹಾಕಿದ್ದನ್ನೇ ಗೇಣುದ್ದಕ್ಕೆ ಕೊಯ್ದ. ಗರಗಸ ಎಳೆಯುವಾಗ ಬಾಯಿ ಕಹಿಯಾಗಿತ್ತು. ಒಂದು ಸಲ ಕತ್ತರಿಸಿದ ಮೇಲೆ ಯಾವ ದೇವರು ಬಂದರೂ ಮರ ಉದ್ದವಾಗುವುದಿಲ್ಲ. ಆದರೆ ಕೆಲಸ ಕೈಗೆ ಬಂದಮೇಲೆ ಕೆಡಿಸುವುದು ಅವನಿಗೆ ಬರುತ್ತಿರಲಿಲ್ಲ, ಅದೇ ಅವನ ಶನಿ. ಸರ್ ಹೆಂಡತಿ ನರ್ಮದಾಬಾಯಿ ಈಳಿಗೆ ಮುಂದೆ ಕೂತು ಕಾಯಿಪಲ್ಲೆ ಹೆಚ್ಚಲು ಬೇಕಾಗಿರಬಹುದು ಎಂದು ಅವನಷ್ಟಕ್ಕೆ ಅವನೇ ಎಣಿಸಿದ. ಆ ಹೆಣ್ಣುಮಗಳು ಎರಡು ಸಲ ಅವನ ಮಧ್ಯಾಹ್ನದ ಬುತ್ತಿಗೆ ಪಲ್ಯ ತಂದು ಹಾಕಿದ್ದಳು. ಆ ಋಣಕ್ಕೆ ಅಂಚುಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿದ, ಕೂಡುವಲ್ಲಿ ಸ್ವಲ್ಪ ತಗ್ಗು ತೆಗೆದ, ಒಂದು ಮೊಳೆಯೂ ಇಲ್ಲದೆ ಬೆಣೆಯಿಂದಲೇ ಜೋಡಿಸಿದ. ಹದಿನೈದು ದಿನದ ಹೊಲಸು ಕೆಲಸದಲ್ಲಿ ಅದೊಂದೇ ಅವನ ಕಣ್ಣಿಗೆ ತಂಪಾದದ್ದು. ತೋಳಿಗೆ, ಬೆನ್ನಿಗೆ ಇಟ್ಟ ಪಟ್ಟಿಗಳು ಮರುದಿನ ಚಪ್ಪಲಿ ಸ್ಟ್ಯಾಂಡಾದವು. ಕುರ್ಚಿಯ ಕತೆ ಅಲ್ಲಿಗೆ ಮುಗಿಯಿತು. ಹೊಟ್ಟನ್ನು ಅವನು ಮುಟ್ಟಲಿಲ್ಲ.

ವಾಸ್ತುಶಾಂತಿಗೆ ಸರ್ ತಾವೇ ಫೋನ್ ಮಾಡಿ ಕರೆದರು. "ಅವ್ವನ್ನೂ ಕರಕೊಂಡು ಬಾ," ಎಂದರು. ಹೋಗುವ ಮನಸ್ಸು ನೀಲಪ್ಪನಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ತಾಯವ್ವ ಕೇಳಿಸಿಕೊಂಡುಬಿಟ್ಟಿದ್ದಳು.

"ನೀ ಮಾಡಿದ ಬಾಗಲಾ ನಾ ಒಂದೂ ನೋಡಿಲ್ಲೋ ತಮ್ಮಾ. ಒಯ್ಯೋ," ಎಂದು ಹಟ ಹಿಡಿದಳು. ಇದ್ದುದರಲ್ಲಿ ಹೊಸದಾದ ಇಳಕಲ್ ಸೀರೆ ಉಟ್ಟು, ಮಗನ ಹೆಗಲು ಹಿಡಿದು ಬಸ್ಸು ಹತ್ತಿದಳು.

ಮುಂಬಾಗಿಲಲ್ಲಿ ನಿಂತಿದ್ದ ಸರ್ ಇಬ್ಬರನ್ನೂ ನೋಡಿ ಕೈ ಮುಗಿದರು. ಒಳಗೆ ಪಡಸಾಲೆಯಲ್ಲಿ ಸಾಲು ಕುರ್ಚಿ, ಬಸಲಿಂಗಪ್ಪ ಹೆಂಡತಿಯೊಡನೆ ಫ್ಯಾನಿನ ಕೆಳಗೆ ಕೂತು ಹೋಳಿಗೆ ಮುರಿಯುತ್ತಿದ್ದ.

"ಬಾ ನೀಲಪ್ಪಾ. ಒಳಗ ಹೋಮದ ಹೊಗಿ ಭಾಳ ಆಗ್ಯದ, ಅವ್ವಗ ತ್ರಾಸ ಆದೀತು. ಇಲ್ಲೇ ಗಾಳಿಗೆ ಕುಂಡ್ರಸು," ಎಂದು ಪಕ್ಕಕ್ಕೆ ಕೈ ತೋರಿಸಿದರು.

ಹೊರಗೆ ಮೆಟ್ಟಿಲ ಬದಿಗೆ, ಚಪ್ಪಲಿ ಸ್ಟ್ಯಾಂಡಿಗೆ ತಾಗಿ, ಆ ಮಣೆ ಇತ್ತು.

ನೀಲಪ್ಪ ಬಾಯಿ ತೆರೆಯುವಷ್ಟರಲ್ಲಿ ತಾಯವ್ವ ಅವನ ತೋಳು ಹಿಡಿದು ಬಗ್ಗತೊಡಗಿದ್ದಳು. ಬಸ್ಸಿನಲ್ಲಿ ನಿಂತು ಬಂದ ಕಾಲು ತಡೆಯುತ್ತಿರಲಿಲ್ಲ. ಅವನೇ ಅವಳನ್ನು ಮೆಲ್ಲಗೆ ಇಳಿಸಬೇಕಾಯಿತು. ಗೇಣೆತ್ತರ ಎಂದರೆ ನೆಲವೇ ಸರಿ, ಇಳಿದಷ್ಟೂ ಇಳಿಯಬೇಕು. ಬೆನ್ನ ಹಿಂದೆ ಸರ್ ಯಾರೋ ಬೀಗರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ನಮ್ಮಪ್ಪನ ಕಾಲದಾಗ ಇವರನ್ನ ಅಂಗಳದಾಗ ಬರೇ ನೆಲಕ್ಕ ಕುಂಡ್ರಸ್ತಿದ್ರು. ನಾ ಮುದ್ದಾಂ ಸಾಗವಾನಿ ಮಣಿ ಮಾಡಿಸೀನಿ. ಕಾಲ ಬದಲಾಗ್ಯದ, ನಾವೂ ಬದಲಾಗಬೇಕಲಾ."

ನರ್ಮದಾಬಾಯಿ ಎಲೆತಟ್ಟೆಯಲ್ಲಿ ಎರಡು ಹೋಳಿಗೆ ತಂದವಳು ಮುದುಕಿ ಕೂತದ್ದನ್ನು ನೋಡಿ ನಿಂತುಬಿಟ್ಟಳು. "ನೀಲಪ್ಪಾ, ಅವ್ವನ್ನ ಒಳಗ..." ಎಂದಳು, ಗಂಡನ ಮುಖ ನೋಡಿದಳು, ತಟ್ಟೆ ಕೊಟ್ಟು ಒಳಗೆ ಹೋದಳು. ನೀಲಪ್ಪನಿಗೆ ಆ ಮನೆಯ ಮೇಲೆ, ಹೋಳಿಗೆಯ ತುಪ್ಪದ ವಾಸನೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಎರಡು ಕೈಗಳ ಮೇಲೆ ಹೇಸಿಕೆ ಉಕ್ಕಿ ಬಂತು. ಅಷ್ಟು ನುಣ್ಣಗೆ ಯಾಕಾದರೂ ಉಜ್ಜಿದೆನೋ!

"ಏಳಬೇ ಯವ್ವಾ, ಹೋಗೂಣು."

"ಈಗರ ಕುಂತೇನೆಲ್ಲೋ?" ತಾಯವ್ವ ಬೆರಳಿನಿಂದ ಮಣೆಯ ಅಂಚು ಸವರುತ್ತಿದ್ದಳು. "ಇದೂ ನೀ ಮಾಡಿದ್ದೇನೋ?"

"ಹೂಂ. ಏಳು."

"ಎಷ್ಟ ಮೆತ್ತಗ ಐತಿ. ಇಷ್ಟ ವರ್ಷ ಬಾಳೇವು ಮಾಡಿದ್ನಿ, ಇಂಥಾ ದೊಡ್ಡವರ ಮನ್ಯಾಗ ಯಾರೂ ನನಗ ಕುಂಡ್ರಾಕ ಮಣಿ ಕೊಟ್ಟಿದ್ದಿಲ್ಲೋ ತಮ್ಮಾ." ಅವಳ ಕಣ್ಣು ತುಂಬಿದ್ದವು, ಸಂತೋಷದಿಂದ. ಬಾಗಿಲಲ್ಲಿದ್ದ ಸರ್ ಕಡೆ ತಿರುಗಿ ಕೈ ಮುಗಿದಳು. "ನಿಮ್ಮ ಹೊಟ್ಟಿ ತಣ್ಣಗಿರಲಿರಿ ಎಪ್ಪಾ. ನನ ಮಗಾ ಮಾಡಿದ್ದರ ಮ್ಯಾಲೆ ನನ್ನ ಕುಂಡ್ರಿಸಿದ್ರಿ."

ಸರ್ ದೊಡ್ಡ ಮನಸ್ಸಿನಿಂದ ತಲೆಯಾಡಿಸಿದರು.

ಅವಳು ನಿಧಾನವಾಗಿ ಹೋಳಿಗೆ ಮುರಿದು ತಿನ್ನತೊಡಗಿದಳು. ನೀಲಪ್ಪ ತನ್ನ ಪಾಲನ್ನು ಮುಟ್ಟದೆ ಪಕ್ಕದಲ್ಲಿ ನಿಂತೇ ಇದ್ದ. ಅವನಿಗೆ ಕೂಡಲು ಅಲ್ಲಿ ಇನ್ನೊಂದು ಮಣೆ ಇರಲಿಲ್ಲ. ಇದ್ದಿದ್ದರೂ ಅದನ್ನು ಅವನೇ ಮಾಡಿಕೊಟ್ಟಿರುತ್ತಿದ್ದ.