ಮೂರನೇ ಹೆಜ್ಜೆಯ ಸದ್ದು

ಬಸರಾಳಿನ ಶಾಲೆಯಲ್ಲಿ ಮೂರರ ಮಗ್ಗಿ ಹೇಳುತ್ತ ಕೋಲಾಟ ಆಡುತ್ತಿದ್ದ ಎರಡನೇ ತರಗತಿಯ ಮಕ್ಕಳೆಲ್ಲ ಪ್ರತಿ ಮೂರನೇ ಹೆಜ್ಜೆಗೆ ಎಡಗಾಲು ಎಳೆಯುತ್ತಿದ್ದರು. ಹೀಗೆ ಕುಣಿಸಿ ಮಗ್ಗಿ ಕಲಿಸಿದವಳು ನನ್ನ ಹೆಂಡತಿ. ಅವಳು ತೀರಿಕೊಂಡು ತಿಂಗಳಾಗಿತ್ತು. ಅವಳ ಪುಸ್ತಕಗಳನ್ನು ತರಲು ಹೋಗಿದ್ದೆ.

"ಕಾಲು ಎಳೀಬೇಡಿ, ಎತ್ತಿಡಿ" ಎಂದರು ಹೊಸ ಮೇಷ್ಟ್ರು.

ಪುಟ್ಟ ಹುಡುಗಿಯೊಬ್ಬಳು, "ಅಂಗಲ್ಲ ಸಾ, ನಮ್ ಮಿಸ್ಸು ಇಂಗೇ ಎಳೀತಿದ್ರು. ನಿಮ್ಗೆ ಬರಾಕಿಲ್ವಾ? ನಾವೇ ಏಳ್ಕೊಡ್ತೀವಿ ಬುಡಿ" ಎಂದಳು.

ನನ್ನ ಹೆಂಡತಿಯ ಎಡಗಾಲು ಚಿಕ್ಕಂದಿನಿಂದಲೂ ಸೋತಿತ್ತು, ಅದನ್ನು ಎಳೆದೇ ನಡೆಯುತ್ತಿದ್ದಳು. ಮಕ್ಕಳು ಅದನ್ನೂ ಕುಣಿತವೆಂದೇ ಕಲಿತಿದ್ದರು. ಮೇಷ್ಟ್ರಿಗೆ ವಿಷಯ ತಿಳಿಸಿ, ತಿದ್ದಬೇಡಿ ಎಂದು ಕೇಳಿಕೊಂಡೆ.

ಅವಳು ಅಡುಗೆಮನೆಯಿಂದ ಬರುವಾಗ ಕೇಳಿಸುತ್ತಿದ್ದ, ಕಾಲೆಳೆಯುವ ಆ ಸದ್ದು ನಮ್ಮ ಮನೆಯಲ್ಲಿ ನಿಂತುಹೋಗಿದೆ. ಆಗಾಗ ಶಾಲೆಯ ಬೇಲಿಯ ಹತ್ತಿರ ನಿಂತು ಕೇಳಿ ಬರುತ್ತೇನೆ.